ತತ್ತಿ ವಾಸನೆಯ ಓಣಿ

"ತತ್ತಿ ಬೇಯಿಸಿದವರು ತಾವಾಗೇ ಒಪ್ಪಿಕೊಂಡ್ರ ಚಲೋ ಆತು. ಇಲ್ಲಾಂದ್ರ ನಾ ಹೆಸರು ಹೇಳಬೇಕಾಗತೈತಿ."

ಹೊರಸೆಂಬ ಹಗ್ಗದ ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದ ವೀರಪ್ಪ ಇಷ್ಟು ಹೇಳಿ ಮೀಸೆ ಒರೆಸಿಕೊಳ್ಳುವುದಕ್ಕೂ, ನನ್ನ ಕೈಯಲ್ಲಿದ್ದ ಯಂತ್ರ ಕೀಂಯ್ ಎಂದು ಅರಚುವುದಕ್ಕೂ ಸರಿಹೋಯಿತು.

ಅಂಗಳದಲ್ಲಿ ಸೇರಿದ್ದ ಬೈಲಹೊಂಗಲದ ಮೇಗಲ ಓಣಿಯ ಮಂದಿಯೆಲ್ಲ ತಿರುಗಿ ನೋಡಿದರು. ಯಂತ್ರವೇ ತತ್ತಿ, ಅಂದರೆ ಮೊಟ್ಟೆ, ಬೇಯಿಸಿದವರ ಹೆಸರು ಹೇಳಿಬಿಡುತ್ತದೆಂದು ಅವರು ತಿಳಿದಂತಿತ್ತು. ಒಬ್ಬಿಬ್ಬರು ಮೆಲ್ಲಗೆ ಹಿಂದೆ ಸರಿದರು. ನಾನು ಜೀವಮಾನವೆಲ್ಲ ಸಾರಿಗೆ ಸಂಸ್ಥೆಯ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿದವನು. ತಪ್ಪು ಮಾಡಿದವರ ಮುಖ ನನಗೆ ದೂರದಿಂದಲೇ ತಿಳಿಯುತ್ತದೆ. ಆ ಅಂಗಳದಲ್ಲಿ ಟಿಕೆಟ್ ತೆಗೆಸಿದವರ ಮುಖ ಒಂದೂ ಕಾಣಲಿಲ್ಲ.

ನನ್ನ ಹೆಸರು ಬಾಳಕೃಷ್ಣ. ನಿವೃತ್ತಿಯಾದ ಮೇಲೆ ಮನೆಯಲ್ಲಿ ಸುಮ್ಮನೆ ಕೂರಲಾಗದೆ, ಗ್ಯಾಸ್ ಪೈಪುಗಳ ಸುರಕ್ಷತಾ ನಿಯಮ ಮುರಿದವರನ್ನು ಹಿಡಿಯುವ ಸರ್ಕಾರಿ ಘಟಕಕ್ಕೆ ಸಹಾಯಕನಾಗಿ ಸೇರಿದೆ. ಇದನ್ನು ಕೇಳಿ ನನ್ನ ಹೆಂಡತಿ ಪಟ್ಟ ಸಂತೋಷ ಯಾಕೋ ಸ್ವಲ್ಪ ಹೆಚ್ಚೇ ಆಯಿತು. ಘಟಕದ ತಪಾಸಣಾಧಿಕಾರಿ ಮೃಣಾಲಿನಿ ಮೇಡಂ ಧಾರವಾಡದವರು, ನನ್ನ ಮಗಳ ವಯಸ್ಸಿನವರು. ಆದರೂ ಅವರು ಕನ್ನಡಕದ ಮೇಲಿಂದ ನೋಡಿದರೆ ನಾನೇ ಟಿಕೆಟ್ ತೆಗೆಸಿಲ್ಲವೇನೋ ಎಂದು ಜೇಬು ಮುಟ್ಟಿಕೊಳ್ಳುತ್ತೇನೆ.

ನೇಸರಗಿ ರಸ್ತೆಯಲ್ಲಿ ಪೈಪಿನ ಮೇಲೆ ನೆಟ್ಟಿದ್ದ ಎಚ್ಚರಿಕೆ ಕಂಬಗಳು ಕಾಣೆಯಾದ ಪ್ರಕರಣದ ಬೆನ್ನು ಹತ್ತಿ ನಾವು ಬೈಲಹೊಂಗಲಕ್ಕೆ ಬಂದಿದ್ದೆವು. ಗಾಳಿಯಲ್ಲಿ ಗ್ಯಾಸ್ ಇದ್ದರೆ ಅರಚುವ ಯಂತ್ರ ಎಂದಿನಂತೆ ನನ್ನ ಕೈಯಲ್ಲೇ ಇತ್ತು. ಮೇಗಲ ಓಣಿಯ ಬಾಯಿಯಲ್ಲಿ ಅದು ಗುನುಗಿತು. ಒಳಗೆ ಹೋದಂತೆ ರಾಗ ಎಳೆಯಿತು. ವೀರಪ್ಪನ ಅಂಗಳಕ್ಕೆ ಕಾಲಿಟ್ಟಾಗ ಅರಚಿತು.

ವಾಸನೆಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಅದನ್ನು ಅಡಗಿಸಲು ಓಣಿಯವರು ಮಾಡಿದ್ದ ವ್ಯವಸ್ಥೆ ನೋಡಿ ಮೇಡಂ ಮುಖ ಬಿಳಿಚಿಕೊಂಡಿತು. ಒಂದು ಮನೆಯ ಹೊಸ್ತಿಲಲ್ಲಿ ಲೋಬಾನ ಹೊಗೆಯಾಡುತ್ತಿತ್ತು, ಇನ್ನೊಂದರಲ್ಲಿ ಊದುಬತ್ತಿಯ ಕಟ್ಟನ್ನೇ ಹಚ್ಚಿ ನಿಲ್ಲಿಸಿದ್ದರು, ಮತ್ತೊಂದರಲ್ಲಿ ಕರ್ಪೂರ. ಗ್ಯಾಸ್ ಸೋರುವ ಓಣಿಯಲ್ಲಿ ಮನೆಮನೆಗೂ ಕೆಂಡ.

ಅಂಗಳದ ಬಾಗಿಲಲ್ಲಿ ಒಂದು ಕೈಗಾಡಿ ನಿಂತಿತ್ತು. ಅದರ ಮೇಲೆ ಹೊಲಿಗೆ ಮಷೀನು, ಒಂದು ಟ್ರಂಕು, ಹಾಸಿಗೆ ಸುರುಳಿ. ಗಾಡಿಯ ಪಕ್ಕದಲ್ಲಿ ಸೆರಗು ಬಿಗಿಯಾಗಿ ಹೊದ್ದು ನಿಂತ ಹೆಂಗಸು ಯಶೋಧಾ. ರಾಮದುರ್ಗದವಳು, ಗಂಡ ಇಲ್ಲ. ವೀರಪ್ಪನ ಮನೆಯ ಕೊನೆಯ ಖೋಲಿಯನ್ನು ಬಾಡಿಗೆಗೆ ಹಿಡಿದು ಓಣಿಯ ಹೆಂಗಸರಿಗೆಲ್ಲ ಜಂಪರು ಹೊಲಿದುಕೊಡುತ್ತಿದ್ದಳು. ಇಷ್ಟನ್ನು ಕಿರಾಣಿ ಅಂಗಡಿಯ ರಾಮಲಿಂಗಪ್ಪ ನನ್ನ ಕಿವಿಯಲ್ಲಿ ಊದಿದ. ವಾಸನೆ ಎಲ್ಲಕ್ಕಿಂತ ಜೋರಾಗಿ ಬರುವುದು ಅವಳ ಬಾಗಿಲಲ್ಲೇ ಅಂತೆ. ಅದು ತತ್ತಿಯದೇ ಎಂದು ಮೊದಲು ಹೇಳಿದವನು ವೀರಪ್ಪನಂತೆ. ಇದು ಈರುಳ್ಳಿ ಹೆಚ್ಚಾದರೂ ಮುಖ ಸಿಂಡರಿಸುವ ಓಣಿ. ಇಲ್ಲಿ ತತ್ತಿ ಬೇಯಿಸಿದರೆ ಇನ್ನೇನಾಗುತ್ತದೆ? ಸಂಜೆಯೊಳಗೆ ಖೋಲಿ ಬಿಡಬೇಕೆಂದು ತೀರ್ಮಾನವಾಗಿತ್ತು. ಈ ಹೆಸರು ಹೊತ್ತು ಹೊರಬಿದ್ದರೆ ಊರಿನಲ್ಲಿ ಅವಳಿಗೆ ಯಾರೂ ಖೋಲಿ ಕೊಡುವುದಿಲ್ಲ, ಯಾರೂ ಅರಿವೆ ಹೊಲಿಯಲು ಕೊಡುವುದಿಲ್ಲ. ಅದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅವಳಿಗೂ ಗೊತ್ತಿತ್ತು.

"ಖೋಲಿ ಬಿಡು ಅಂದ್ರ ಬಿಡತೇನ್ರಿ ಕಾಕಾ. ಖೋಲಿ ನಿಮ್ಮದು," ಎಂದಳು ಯಶೋಧಾ. ತಲೆ ತಗ್ಗಿಸಲಿಲ್ಲ. "ಆದ್ರ ತತ್ತಿ ಬೇಯಿಸಿದಾಕಿ ಅನಿಸ್ಕೊಂಡು ಹೋಗಂಗಿಲ್ಲ. ನಾ ಬೇಯಿಸಿಲ್ಲ."

ನನಗೆ ಆಕೆಯ ಮೇಲೆ ಒಮ್ಮೆಲೇ ಅಭಿಮಾನ ಉಕ್ಕಿತು. ನಲವತ್ತು ಮಂದಿಯ ಬಸ್ಸಿನಲ್ಲಿ ನಿಂತು ನನ್ನದು ಟಿಕೆಟ್ ಇದೆ ಎನ್ನುವುದಕ್ಕೂ ಧೈರ್ಯ ಬೇಕು, ಟಿಕೆಟ್ ಕೈಯಲ್ಲೇ ಇದ್ದರೂ.

ಮೇಡಂ ಇದಾವುದಕ್ಕೂ ಕಿವಿಗೊಡುವ ಸ್ಥಿತಿಯಲ್ಲಿರಲಿಲ್ಲ. ಇಲ್ಲಿ ಗ್ಯಾಸ್ ಸೋರುತ್ತಿದೆ, ಬೆಂಕಿ ಅನ್ನುವುದನ್ನೆಲ್ಲ ನೀರು ಸುರಿದು ಆರಿಸಿ, ದೀಪದ ಗುಂಡಿ ಒತ್ತಬೇಡಿ, ಮೊಬೈಲ್ ಮುಟ್ಟಬೇಡಿ, ಎಲ್ಲರೂ ಓಣಿ ಬಿಟ್ಟು ಮುಂದಿನ ಬಯಲಿಗೆ ನಡೆಯಿರಿ ಎಂದರು. ದನಿ ಏರಿಸಲಿಲ್ಲ. ಆದರೂ ಲೋಬಾನದ ಮೇಲೆ ತಂಬಿಗೆ ನೀರು ಬಿದ್ದ ಚುಂಯ್ ಸದ್ದು ಓಣಿಯುದ್ದಕ್ಕೂ ಕೇಳಿತು.

ವೀರಪ್ಪ ಮಾತ್ರ ಏಳಲೊಲ್ಲ. ತನ್ನ ಅಂಗಳದಿಂದ ತನ್ನನ್ನು ಎಬ್ಬಿಸಲು ಇವರು ಯಾರು ಎಂಬುದು ಅವನ ತಕರಾರು. ಅವನ ಮಂಡಿನೋವು ಓಣಿಯಲ್ಲಿ ಪ್ರಸಿದ್ಧವಂತೆ. ಕೊನೆಗೆ ರಾಮಲಿಂಗಪ್ಪನೂ ಇನ್ನು ಮೂವರೂ ಸೇರಿ ಹೊರಸನ್ನು ಅವನ ಸಮೇತ ಎತ್ತಿದರು. ಉತ್ಸವ ಮೂರ್ತಿ ಹೊರಟ ಹಾಗೆ ವೀರಪ್ಪ ಹೊರಟ. ಹಿಂದೆ ಓಣಿಯೆಲ್ಲ ಹೊರಟಿತು. ಎಲ್ಲರ ಹಿಂದೆ ಕೈಗಾಡಿ ತಳ್ಳುತ್ತ ಯಶೋಧಾ. ಗಾಡಿಗೆ ನಾನೂ ಕೈ ಹಚ್ಚಿದೆ.

ಬಯಲಿನಲ್ಲಿ ಬೇವಿನ ಗಿಡದ ನೆರಳಿಗೆ ಹೊರಸು ಇಳಿಸುವಷ್ಟರಲ್ಲಿ, ಕಂಬಗಳ ಪ್ರಕರಣಕ್ಕೆಂದು ಮೇಡಂ ಮೊದಲೇ ಬರಹೇಳಿದ್ದ ಗ್ಯಾಸ್ ಕಂಪನಿಯ ಇಂಜಿನಿಯರ್ ಅಭಯ ಮೋಟರ್ ಸೈಕಲ್ ಮೇಲೆ ಬಂದ. ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ಗುರುತಿನ ಚೀಟಿ, ಮೊಬೈಲಿನಲ್ಲಿ ನಕ್ಷೆ. ನೋಡಿದ, ಬೆರಳಿನಿಂದ ಹಿಗ್ಗಿಸಿ ಮತ್ತೊಮ್ಮೆ ನೋಡಿದ, ಗಂಟಲು ಸರಿಪಡಿಸಿಕೊಂಡ.

"ಮೇಡಂ, ನಮ್ಮ ಪೈಪು ನೇಸರಗಿ ದೊಡ್ಡ ರಸ್ತೆಗುಂಟ ಹೋಗೇದ. ಈ ಓಣ್ಯಾಗ ನಮ್ಮ ಪೈಪೇ ಇಲ್ಲ."

ಅದನ್ನು ಕೇಳಿ ಓಣಿಯವರಿಗೆ ಆದ ಆನಂದ ನೋಡಬೇಕಿತ್ತು. ಗ್ಯಾಸ್ ಇಲ್ಲ, ಹಾಗಿದ್ದರೆ ತತ್ತಿಯೇ. ಅವರ ವಾದದಲ್ಲಿ ಹುರುಳಿಲ್ಲ ಎನ್ನುವಂತಿರಲಿಲ್ಲ. ಯಾವ ಮನೆಗೂ ಇನ್ನೂ ಗ್ಯಾಸಿನ ನಳ ಬಂದಿಲ್ಲ. ಎಲ್ಲರೂ ತಂತಮ್ಮ ಸಿಲಿಂಡರ್ ನೋಡಿದ್ದಾರೆ, ಗಟ್ಟಿಯಾಗಿ ಮುಚ್ಚಿವೆ. ಸಿಲಿಂಡರಿನ ವಾಸನೆ ಅವರಿಗೆ ಗೊತ್ತು, ಇದು ಅದಲ್ಲ. ಮಣ್ಣಿನೊಳಗಿಂದ ಸೋಸಿ ಗಟಾರದ ನಾತದ ಜೊತೆ ಕೂಡಿಕೊಂಡು ಬಂದ ಗ್ಯಾಸಿನ ವಾಸನೆ ಬೇರೆಯೇ ಆಗುತ್ತದೆಂದು ಮೇಡಂ ವಿವರಿಸಿದರು. ಸಭೆ ಗೌರವದಿಂದ ಕೇಳಿತು, ಒಂದು ಅಕ್ಷರವನ್ನೂ ನಂಬಲಿಲ್ಲ.

ವೀರಪ್ಪ ಯಶೋಧಾಳ ಕಡೆ ಕೈ ಚಾಚಿ ಖೋಲಿಯ ಕೀಲಿ ಕೇಳಿದ. ಯಶೋಧಾ ಸೊಂಟದಿಂದ ಕೀಲಿ ತೆಗೆದು ಅವನ ಅಂಗೈಯಲ್ಲಿ ಇಟ್ಟಳು. ಆಗ ಅವಳ ಕಣ್ಣಲ್ಲಿ ನೀರು ಬಂತು. ಮಷೀನಿಗೆ ಹೊದಿಸಿದ ಅರಿವೆ ಸರಿಪಡಿಸುವ ನೆಪ ಮಾಡಿ ಆಚೆ ತಿರುಗಿದಳು.

ಮೇಡಂ ಅವಸರ ಮಾಡಲಿಲ್ಲ. ಬೇವಿನ ಗಿಡದ ಕಟ್ಟೆಯ ಮೇಲೆ ಕುಳಿತು, ಒಬ್ಬೊಬ್ಬರಾಗಿ ಮುಂದೆ ಬನ್ನಿ ಎಂದರು. ನಾನು ಸಾಲು ಹಿಡಿಸಿದೆ. ಅದು ನನಗೆ ರೂಢಿಯಾದ ಕೆಲಸ.

ಮೊದಲು ಬಂದವನು ರಾಮಲಿಂಗಪ್ಪ.

"ಇದು ತತ್ತಿ ವಾಸನೀನೇ ಅಂತ ನಿಮಗ ಹ್ಯಾಂಗ ಗೊತ್ತಾತು?" ಎಂದು ಮೇಡಂ ಕೇಳಿದರು.

ರಾಮಲಿಂಗಪ್ಪ ಹುರುಪಿನಿಂದ ಶುರುಮಾಡಿದ. ಒಡೆದು ಹುರಿದ ತತ್ತಿಯದು ಒಂದು ಬಗೆ, ಅದರಲ್ಲಿ ಉಳ್ಳಾಗಡ್ಡಿ ಘಮ ಮುಂದಿರುತ್ತದೆ. ಕುದಿಸಿದ್ದರದು ಬೇರೆ. ಇದು ಒಲೆಯ ಮೇಲಿಟ್ಟು ಮರೆತು, ನೀರು ಬತ್ತಿ, ತಳ ಹತ್ತಿದ ತತ್ತಿಯದು. ಹೀಗೆ ಹೇಳುತ್ತ ಹೋದವನಿಗೆ ನಡುವೆ ಹೆಂಡತಿಯ ಮುಖ ಕಂಡಿತು. ಆಕೆ ಅವನನ್ನೇ ನೋಡುತ್ತಿದ್ದಳು. ರಾಮಲಿಂಗಪ್ಪನ ವಿವರಣೆ ಅಲ್ಲಿಗೇ ನಿಂತಿತು.

ಎರಡನೆಯ ಹೆಂಗಸು ಜಾಣೆ. ಈಗ ಶಾಲೆಯಲ್ಲಿ ಮಕ್ಕಳಿಗೆ ತತ್ತಿ ಕೊಡುತ್ತಾರಲ್ಲ, ಮಗನ ಅಂಗಿಗೆ ಹತ್ತಿದ ವಾಸನೆಯಿಂದ ತಿಳಿಯಿತು ಎಂದಳು. ಮಾತು ಸರಿಯಾಗಿತ್ತು. ಸಾಲಿನಲ್ಲಿ ನಿಂತವರೆಲ್ಲರಿಗೂ ಬಹಳ ಸರಿ ಅನಿಸಿತು. ಅಲ್ಲಿಂದ ಮುಂದೆ ಬಂದವರೆಲ್ಲ ಮಕ್ಕಳ ಅಂಗಿಯ ಹೆಸರನ್ನೇ ಹೇಳಿದರು. ಮಕ್ಕಳಿಗೆ ಮದುವೆಯಾಗಿ ಮೊಮ್ಮಕ್ಕಳೆಲ್ಲ ಪುಣೆಯಲ್ಲಿರುವ ಒಬ್ಬ ಮುದುಕನೂ ಮಕ್ಕಳ ಅಂಗಿಯನ್ನೇ ಹೇಳಿದ. ನಾನು ಅವನ ಮುಖವನ್ನು ಚೆನ್ನಾಗಿ ನೋಡಿಟ್ಟುಕೊಂಡೆ.

"ಅಂದ್ರ ಈ ಓಣ್ಯಾಗ ತತ್ತಿ ವಾಸನಿ ಎಲ್ಲಾರಿಗೂ ಬಾಯಿಪಾಠ ಅದ," ಎಂದರು ಮೇಡಂ. "ಹಿಂಗಿದ್ದ ಮ್ಯಾಲೆ ಯಶೋಧಾ ಒಬ್ಬಾಕೀನ ಯಾಕ ಹಿಡಿದ್ರಿ?"

ಕೆಲವರು ಬೇವಿನ ಗಿಡದಲ್ಲಿ ಏನೋ ಕಂಡವರಂತೆ ಮೇಲೆ ನೋಡಿದರು.

ಸಾಲಿನ ಕೊನೆಗೆ ಬಂದವಳು ಗುರವ್ವ, ವೀರಪ್ಪನ ತಾಯಿ. ಕೋಲು ಊರಿಕೊಂಡು ಬಂದ ಹಣ್ಣು ಮುದುಕಿ, ಹಣೆತುಂಬ ವಿಭೂತಿ. ಮೇಡಂ ಎದ್ದು ತಮ್ಮ ಜಾಗ ಬಿಟ್ಟುಕೊಟ್ಟರು. ಮುದುಕಿ ಕುಳಿತು ಉಸಿರು ತೆಗೆದುಕೊಂಡು ಹೇಳಿದಳು:

"ತತ್ತಿ ಗಿತ್ತಿ ನನಗ ತಿಳಿಯಂಗಿಲ್ಲ ಯವ್ವಾ. ನಾ ಜಲ್ಮದಾಗ ಅದರ ಹಂತ್ಯಾಕ ಹೋದಾಕಿ ಅಲ್ಲ. ನನಗದು ಕೊಳೆತ ಉಳ್ಳಾಗಡ್ಡಿ ಬಂದಂಗ ಬಂತು. ಒಲಿಯಿಂದ ಬಂದದ್ದಲ್ಲ, ನೆಲದಿಂದ ಬರಾಕತ್ತೈತಿ. ಯಶೋಧಾನ ಖೋಲಿ ಮುಂದ ಗಟಾರದ ನೀರು ಬೆಂಕಿ ಇಲ್ಲದ ಕುದ್ಯಾಕತ್ತೈತಿ. ನಾ ಮೊನ್ನಿಯಿಂದ ಹೇಳಾಕತ್ತೇನಿ, ಕೇಳವರು ಯಾರದಾರ."

ಮೇಡಂ ಅಭಯನ ಕಡೆ ತಿರುಗಿದರು. ಅಭಯ ಮತ್ತೆ ನಕ್ಷೆ ಹಿಗ್ಗಿಸತೊಡಗಿದ್ದ. ನಕ್ಷೆ ಎಷ್ಟು ಹಿಗ್ಗಿಸಿದರೂ ಪೈಪು ದೊಡ್ಡ ರಸ್ತೆಯಲ್ಲೇ ಇತ್ತು. ಗಟಾರ ಮಾತ್ರ ಓಣಿಯಲ್ಲಿ ಕುದಿಯುತ್ತಿತ್ತು. ನೆಲದೊಳಗೆ ಗ್ಯಾಸ್ ಇದೆ, ಅಂದಮೇಲೆ ನೆಲದೊಳಗೆ ಪೈಪು ಇದೆ. ಪೈಪು ತಾನಾಗಿ ಒಡೆಯುವುದಿಲ್ಲ, ಯಾರೋ ಅಗೆದಿದ್ದಾರೆ. ಅಗೆದವರು ಯಾರು?

ಓಣಿಯಲ್ಲಿ ಇತ್ತೀಚೆಗೆ ಯಾರಾದರೂ ನೆಲ ಅಗೆದಿರಾ ಎಂದು ಮೇಡಂ ಕೇಳಿದರು. ಗ್ಯಾಸ್ ಪೈಪಿನ ಹತ್ತಿರ ಮೊದಲು ತಿಳಿಸದೆ ಅಗೆಯುವುದು ಅಪರಾಧ, ಪೈಪಿಗೆ ಪೆಟ್ಟು ಹಾಕಿ ಮುಚ್ಚಿಟ್ಟರೆ ಜೈಲಿಗೂ ಹೋಗಬೇಕಾದೀತು ಎಂದೂ ಸೇರಿಸಿದರು. ಅದನ್ನು ಸೇರಿಸಿದ ಮೇಲೆ ಯಾರು ಬಾಯಿ ಬಿಡುತ್ತಾರೆ? ಅಗೆದಿಲ್ಲ, ಅಗೆದಿಲ್ಲ ಎಂದು ಸಾಲಾಗಿ ಎಲ್ಲರೂ ಹೇಳಿದರು. ಎಲ್ಲರಿಗಿಂತ ಜೋರಾಗಿ ಹೇಳಿದವನು ವೀರಪ್ಪ. ಹೇಳುವ ಭರದಲ್ಲಿ ಮಂಡಿನೋವು ಮರೆತು ಹೊರಸಿನಿಂದ ಎದ್ದೇಬಿಟ್ಟ.

ಮೇಡಂ ಅವನನ್ನು ನೋಡಲಿಲ್ಲ. ಅವನು ಎದ್ದ ಮೇಲೆ ಬರಿದಾದ ಹೊರಸನ್ನು ನೋಡಿದರು.

ಹಳೆಯ ಹೊರಸು. ಹಗ್ಗದ ಹೆಣಿಗೆ ನಡುವೆ ಕುಸಿದುಹೋಗಿತ್ತು. ಕುಸಿದ ಕಡೆ ಹಳದಿ ಬಣ್ಣದ ಅಗಲ ಪ್ಲಾಸ್ಟಿಕ್ ಪಟ್ಟಿಯನ್ನು ಸೀಳಿ, ಒತ್ತಾಗಿ ಹೆಣೆದು ಗಟ್ಟಿ ಮಾಡಿದ್ದರು. ಕೆಲಸ ಅಚ್ಚುಕಟ್ಟಾಗಿತ್ತು. ಪಟ್ಟಿಯ ಮೇಲೆ ಅಚ್ಚಿನ ಅಕ್ಷರಗಳಿದ್ದವು. ವೀರಪ್ಪನ ಭಾರಕ್ಕೆ ಸ್ವಲ್ಪ ಮಾಸಿದ್ದರೂ ಓದುವಂತಿದ್ದವು.

"ಬಾಳಕೃಷ್ಣರಾವ್, ಜೋರಾಗಿ ಓದ್ರಿ," ಎಂದರು ಮೇಡಂ.

ನಾನು ಬಗ್ಗಿ ಓದಿದೆ: "ಎಚ್ಚರಿಕೆ. ಕೆಳಗೆ ಗ್ಯಾಸ್ ಪೈಪ್ ಇದೆ. ಅಗೆಯಬೇಡಿ."

ಗ್ಯಾಸ್ ಪೈಪನ್ನು ಹೂಳುವಾಗ ಅದರ ಮೇಲೆ ಮಣ್ಣು ಹಾಕಿ, ಆ ಮಣ್ಣಿನ ಮೇಲೆ ಇಂಥ ಪಟ್ಟಿ ಹಾಸಿ, ಅದರ ಮೇಲೆ ಮತ್ತೆ ಮಣ್ಣು ಮುಚ್ಚುತ್ತಾರೆ. ಅಗೆಯುವವನಿಗೆ ಪೈಪಿಗಿಂತ ಮೊದಲು ಪಟ್ಟಿ ಸಿಗಬೇಕು, ಸಿಕ್ಕಾಗ ಓದಿ ನಿಲ್ಲಿಸಬೇಕು ಎಂಬುದು ನಿಯಮ ಬರೆದವರ ಆಲೋಚನೆ. ಸಿಕ್ಕ ಪಟ್ಟಿ ಹೊರಸಿಗೆ ಒಳ್ಳೆಯದಾದೀತು ಎಂದು ಯಾರಾದರೂ ಎಳೆದುಕೊಂಡಾರು ಎಂಬುದು ಅವರಿಗೆ ಹೊಳೆದಿರಲಿಲ್ಲ. ಅವರು ಬೈಲಹೊಂಗಲ ಕಂಡಿರಲಿಕ್ಕಿಲ್ಲ.

ವೀರಪ್ಪ ಮೊದಲು ಪಟ್ಟಿಯನ್ನು ಸಂತೆಯಲ್ಲಿ ಕೊಂಡೆ ಎಂದ. ಆಮೇಲೆ ದಾರಿಯಲ್ಲಿ ಸಿಕ್ಕಿತು ಎಂದ. ಆಮೇಲೆ ಯಾರೋ ಕೊಟ್ಟರು ಎಂದ. ಬಸ್ಸಿನಲ್ಲೂ ಹೀಗೇ: ಟಿಕೆಟ್ ಕಳೆಯಿತು, ಕಂಡಕ್ಟರ್ ಕೊಡಲಿಲ್ಲ, ಮುಂದಿನ ಸ್ಟಾಪಿಗೆ ಇಳಿಯುತ್ತೇನೆ. ಮೂರೂ ನನಗೆ ಹಳೆಯ ಪರಿಚಯ.

ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಅವರು ಹಾಗೆ ಒರೆಸುವಾಗ ನನಗೇ ಭಯವಾಗುತ್ತದೆ.

"ವೀರಪ್ಪನವರ, ನಾ ಎರಡು ಪ್ರಶ್ನೆ ಕೇಳತೀನಿ. ಎರಡರಾಗ ಒಂದಕ್ಕ ಉತ್ತರ ಕೊಟ್ರ ಸಾಕು. ಯಾವುದು ಬೇಕು ನೀವೇ ಆರಿಸ್ಕೋರಿ."

"ಕೇಳ್ರಿ," ಎಂದ ವೀರಪ್ಪ. ಒಂದನ್ನು ತಪ್ಪಿಸಿಕೊಳ್ಳಬಹುದು ಎಂಬ ಸಮಾಧಾನ ಅವನ ಮುಖದಲ್ಲಿ ಕಂಡಿತು.

"ಒಂದು, ಈ ಪಟ್ಟಿ ಎಲ್ಲಿ ಅಗೆದಾಗ ಸಿಕ್ತು? ಎರಡು, ವಾಸನಿ ಬಂದ ಕೂಡ್ಲೇ ಎಲ್ಲಾರಕಿಂತ ಮೊದಲ ಇದು ತತ್ತೀನೇ ಅಂದವರು ನೀವಂತ. ನಿಮಗ ಸಾಲಿಗೆ ಹೋಗೋ ಮಕ್ಕಳಿಲ್ಲ. ತತ್ತಿ ವಾಸನಿ ನಿಮಗ ಹ್ಯಾಂಗ ಗೊತ್ತು?"

ಬೇವಿನ ಗಿಡ ನೋಡುತ್ತಿದ್ದವರೂ ಕತ್ತು ಇಳಿಸಿದರು. ಕಟ್ಟೆಯ ಮೇಲೆ ಕುಳಿತಿದ್ದ ಗುರವ್ವ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಮಗನ ಕಡೆ ಮುಖ ತಿರುಗಿಸಿದಳು.

"ಹೇಳಪಾ ವೀರಪ್ಪಾ," ಎಂದಳು ಮುದುಕಿ. "ನನಗೂ ತಿಳೀಲಿ."

ವೀರಪ್ಪ ತಾಯಿಯನ್ನು ನೋಡಿದ, ಮೇಡಂ ಅವರನ್ನು ನೋಡಿದ. ಒಂದು ಕಡೆ ಜೈಲು, ಇನ್ನೊಂದು ಕಡೆ ತಾಯಿ. ಅವನು ಆರಿಸಿಕೊಳ್ಳಲು ತಡಮಾಡಲಿಲ್ಲ.

"ನಾನ ಅಗದೇನ್ರಿ," ಎಂದ. "ಯಶೋಧಾನ ಖೋಲಿ ಗೋಡಿ ಗುಂಟ. ಮೊನ್ನೆ, ಓಣಿ ಮಂದಿ ಎಲ್ಲಾ ಸಂತಿಗೆ ಹೋದಾಗ. ಬರಕೋರಿ, ನಾ ಅಗದೇನಿ. ಅದನ್ನ ಮಾತ್ರ ಬರಕೋರಿ."

ಬಾಯಿ ಒಮ್ಮೆ ಬಿಚ್ಚಿದ ಮೇಲೆ ಅವನೇ ಎಲ್ಲ ಹೇಳಿದ. ನನಗೆ ಕೇಳುತ್ತ ಕೇಳುತ್ತ ಅವನ ಮೇಲೆ ಸಿಟ್ಟೂ ಬಂತು, ಸ್ವಲ್ಪ ಪ್ರೀತಿಯೂ ಬಂತು.

ವೀರಪ್ಪನ ಅಜ್ಜನ ಕಾಲದಲ್ಲಿ ಮನೆಯ ಕೆಳಗೆ ಒಂದು ಹಗೇವು ಇತ್ತು. ಹಗೇವು ಅಂದರೆ ನೆಲದೊಳಗಿನ ಕಾಳಿನ ಕಣಜ. ಬಾಯಿ ಸಣ್ಣದು, ಹೊಟ್ಟೆ ಒಂದು ಖೋಲಿಯಷ್ಟು. ಸುಗ್ಗಿಯಲ್ಲಿ ಜೋಳ ತುಂಬಿ ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ನುಸಿ ಮುಟ್ಟುವುದಿಲ್ಲ. ವೀರಪ್ಪನ ತಂದೆಯ ಕಾಲಕ್ಕೆ ಅದು ಖಾಲಿಯಾಗಿ, ಬಾಯಿಯ ಮೇಲೆ ಫರಸಿ ಕಲ್ಲು ಬಿತ್ತು, ಫರಸಿಯ ಮೇಲೆ ಖೋಲಿ ಎದ್ದಿತು. ಈ ವರ್ಷ ಚೀಲದಲ್ಲಿಟ್ಟ ಜೋಳಕ್ಕೆಲ್ಲ ನುಸಿ ಹಿಡಿದಾಗ ವೀರಪ್ಪನಿಗೆ ಹಗೇವಿನ ನೆನಪು ಕಾಡತೊಡಗಿತು. ಹಗೇವಿನ ಜೋಳದ ರೊಟ್ಟಿಗೆ ಒಂದು ಘಮ ಇರುತ್ತಿತ್ತು, ಅದು ಇನ್ನೂ ನನ್ನ ಮೂಗಿನಲ್ಲಿದೆ ಎನ್ನುವಾಗ ಅವನ ದನಿ ಮೆತ್ತಗಾಯಿತು. ಗುರವ್ವನೂ ತಲೆಯಾಡಿಸಿದಳು.

ಆದರೆ ಹಗೇವಿನ ಬಾಯಿ ಇದ್ದದ್ದು ಯಶೋಧಾ ಬಾಡಿಗೆಗಿದ್ದ ಖೋಲಿಯೊಳಗೆ. ನೆಲ ಒಡೆಯುತ್ತೇನೆ ಎಂದರೆ ಮಷೀನು ಎಲ್ಲಿಡಲಿ ಎಂದು ಆಕೆ ಒಪ್ಪಲಿಲ್ಲ. ಹೊರಗಿನಿಂದ ಗೋಡೆ ಗುಂಟ ಅಗೆದರೆ ಹಗೇವಿನ ಕೊರಳು ಸಿಕ್ಕೀತೆಂದು ವೀರಪ್ಪ ಹಾರೆ ಹಿಡಿದ. ಹಳದಿ ಪಟ್ಟಿ ಸಿಕ್ಕಿತು, ಎಳೆದು ಸುತ್ತಿಟ್ಟ. ಮುಂದೆ ಮೊಣಕಾಲುದ್ದವೂ ಇಳಿದಿರಲಿಲ್ಲ, ಹಾರೆ ಏನಕ್ಕೋ ತಾಗಿ ಸುಂಯ್ ಎಂದು ಗಾಳಿ ಬಂತು.

"ನಾ ತಿಳದೆ ಹಗೇವು ಉಸಿರು ಬಿಟ್ಟತಿ ಅಂತ," ಎಂದ ವೀರಪ್ಪ. "ಎಷ್ಟು ವರ್ಷ ಬಾಯಿ ಮುಚ್ಚಿಕೊಂಡಿತ್ತು ಪಾಪ. ಉಸಿರು ಬಿಡಲಿ ಅಂತ ಮ್ಯಾಲೆ ಒಂದು ಫರಸಿ ಇಟ್ಟು ಬಂದೆ. ನನಗ ಎಷ್ಟ ಸಂತೋಷ ಆಗಿತ್ತು ಗೊತ್ತೇನ್ರಿ. ಹಗೇವು ಸಿಕ್ತು ಅಂತ."

ನಗಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ. ಒಡೆದ ಗ್ಯಾಸ್ ಪೈಪನ್ನು ಅಜ್ಜನ ಹಗೇವಿನ ಉಸಿರೆಂದು ತಿಳಿದು ಈ ಮನುಷ್ಯ ಮೊನ್ನೆಯಿಂದ ಖುಷಿಯಾಗಿ ಓಡಾಡಿಕೊಂಡಿದ್ದಾನೆ. ಹಗೇವಿನ ಉಸಿರು ಜೋಳದ ವಾಸನೆ ಬರಬೇಕು, ಇದು ತತ್ತಿ ವಾಸನೆ ಬರುತ್ತಿದೆ, ಆದ್ದರಿಂದ ಇದು ಯಶೋಧಾಳದ್ದೇ. ಹೀಗೆ ಲೆಕ್ಕ ಹಾಕಿ ಆಕೆಯನ್ನು ಖಾಲಿ ಮಾಡಿಸಲು ಹೊರಟಿದ್ದ. ಅದರಲ್ಲಿ ಅವನಿಗೆ ಕಪಟವೂ ಇರಲಿಲ್ಲ. ಖೋಲಿ ಖಾಲಿಯಾದರೆ ಹಗೇವು ತೆಗೆಯಬಹುದು ಎಂಬ ಆಸೆ ಇತ್ತು, ಅಷ್ಟೆ.

ಮೇಡಂ ಸಿಟ್ಟು ಅಭಯನ ಮೇಲೆ ತಿರುಗಿತು. ಪೈಪು ಮೊಣಕಾಲುದ್ದಕ್ಕೆ ಸಿಗಬಾರದು, ಎದೆಯಾಳ ಇರಬೇಕು. ನಕ್ಷೆಯಲ್ಲಿ ದೊಡ್ಡ ರಸ್ತೆ ತೋರಿಸಿ, ಗುಟ್ಟಾಗಿ ಓಣಿಯೊಳಗಿಂದ ಅಡ್ಡದಾರಿ ಹಿಡಿಸಿದವರು ಯಾರು? ಅಭಯನ ಇಸ್ತ್ರಿ ಅಂಗಿ ಬೆವರಿಗೆ ಬೆನ್ನಿಗಂಟಿತು. ತನಗೆ ಗೊತ್ತಿಲ್ಲ, ತಾನು ಬರುವ ಮೊದಲೇ ಪೈಪು ಹಾಕಿದ್ದರು ಎಂದ. ಅದು ನಿಜವೋ ಸುಳ್ಳೋ ಅವನ ಮುಖದಲ್ಲಿ ನನಗೂ ಓದಲಾಗಲಿಲ್ಲ. ನೇಸರಗಿ ರಸ್ತೆಯ ಕಂಬಗಳನ್ನು ಕಿತ್ತವರು ಯಾಕೆ ಕಿತ್ತರು ಎಂಬುದು ಮಾತ್ರ ಆಗ ನನಗೆ ಅರ್ಥವಾಗತೊಡಗಿತು. ಕಂಬಗಳಿದ್ದರೆ ಪೈಪು ಎಲ್ಲಿಂದ ದಾರಿ ಬಿಟ್ಟಿತು ಎಂಬುದು ಯಾರಿಗಾದರೂ ಕಾಣುತ್ತಿತ್ತು. ಅದನ್ನು ಆಮೇಲೆ ವಿಚಾರಿಸುವುದಾಗಿ ಹೇಳಿ ಮೇಡಂ ಮೊದಲು ಗ್ಯಾಸ್ ನಿಲ್ಲಿಸಲು ಹೇಳಿದರು. ಅಭಯ ಆಚೆ ಹೋಗಿ ಫೋನಿನಲ್ಲಿ ಯಾರಿಗೋ ಕೂಗಾಡಿ ಬಂದ. ರಸ್ತೆಯ ಪೈಪಿನ ವಾಲ್ವ್ ಮುಚ್ಚಿಯಾಯಿತು, ಇನ್ನು ಓಣಿಗೆ ಹೊಸ ಗ್ಯಾಸ್ ಬರುವುದಿಲ್ಲ ಎಂದ.

ಬಯಲಿನಲ್ಲಿ ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟರು.

ವೀರಪ್ಪನಿಗೆ ಗುರವ್ವ ಕೋಲಿನಿಂದ ಸನ್ನೆ ಮಾಡಿದಳು. ಅವನು ಯಶೋಧಾಳ ಕೈಗಾಡಿಯ ಹತ್ತಿರ ಹೋದ. ಎಲ್ಲರಿಗೂ ಕೇಳುವ ಹಾಗೆ, ತಂಗಿ ತತ್ತಿ ಬೇಯಿಸಿಲ್ಲ, ತಪ್ಪು ನನ್ನದು, ಖೋಲಿ ನಿನ್ನದೇ ಎಂದು ಹೇಳಿ ಕೀಲಿ ತಿರುಗಿ ಕೊಟ್ಟ. ಯಶೋಧಾ ಕೀಲಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಳು. ಈ ಸಲ ಅಳು ಮುಚ್ಚಿಡಲಿಲ್ಲ. ಹೆಂಗಸರೆಲ್ಲ ಒಮ್ಮೆಲೇ ಅವಳನ್ನು ಸುತ್ತಿಕೊಂಡರು. ಅರ್ಧ ಹೊಲಿದ ಜಂಪರುಗಳ ವಿಚಾರಣೆ ಶುರುವಾಯಿತು.

ಮೇಡಂ ಮಾತ್ರ ಇನ್ನೂ ಕನ್ನಡಕ ಹಾಕಿಕೊಂಡಿರಲಿಲ್ಲ. ಕೈಯಲ್ಲೇ ಹಿಡಿದು ಓಣಿಯ ಕಡೆ ನೋಡುತ್ತಿದ್ದರು.

"ಮೊನ್ನೆಯಿಂದ ಸೋರೇದ," ಎಂದರು ನನಗೆ ಮಾತ್ರ ಕೇಳುವ ಹಾಗೆ. "ಗಟಾರದಾಗ ಬಂದದ್ದು ಸ್ವಲ್ಪ. ಉಳಿದದ್ದು ಎಲ್ಲಿ ಹೋತು, ಬಾಳಕೃಷ್ಣರಾವ್?"

ಗೋಡೆಯ ಆಚೆ, ಖೋಲಿಯಷ್ಟು ದೊಡ್ಡ ಹಗೇವಿನ ಖಾಲಿ ಹೊಟ್ಟೆ ಇತ್ತಲ್ಲ.

ಮೇಡಂ ವೀರಪ್ಪನನ್ನು ಕರೆದು, ಹಗೇವಿನ ಬಾಯಿ ಇನ್ನೂ ಫರಸಿ ಕೆಳಗೇ ಇದೆಯೇ, ಯಾರೂ ತೆಗೆದಿಲ್ಲ ತಾನೆ ಎಂದು ಕೇಳಿದರು. ವೀರಪ್ಪ ಹೌದು ಎನ್ನಲು ಬಾಯಿ ತೆರೆದ. ತೆರೆದ ಬಾಯಿ ಹಾಗೇ ಉಳಿಯಿತು.

"ಮಾಳಪ್ಪ," ಎಂದ.

ಯಾವ ಮಾಳಪ್ಪ? ಸವದತ್ತಿ ಕಡೆಯ ಮುದುಕ. ಹಗೇವಿಗೆ ಇಳಿದು ಒಳಗೆ ಮೆತ್ತುವ ಕೆಲಸ ಬಲ್ಲವನು ಈ ಸುತ್ತಿನಲ್ಲಿ ಅವನೊಬ್ಬನೇ ಉಳಿದಿದ್ದಾನಂತೆ. ಮಧ್ಯಾಹ್ನ ಬಂದು ಉಂಡು ಹಿತ್ತಲಲ್ಲಿ ಅಡ್ಡಾಗಿದ್ದ. ಯಶೋಧಾಳ ಸಾಮಾನು ಗಾಡಿಗೆ ಬಿದ್ದ ಕೂಡಲೇ ಹಿತ್ತಲ ಬಾಗಿಲಿನಿಂದ ಖೋಲಿಗೆ ಹೋಗಿ ಫರಸಿ ಎಬ್ಬಿಸು ಎಂದು ವೀರಪ್ಪ ಅವನಿಗೆ ಹೇಳಿದ್ದ. ಓಣಿ ಖಾಲಿ ಮಾಡುವಾಗ ಅವನನ್ನು ಯಾರೂ ಎಬ್ಬಿಸಿರಲಿಲ್ಲ. ಕೂಗಿದ್ದು ಅವನಿಗೆ ಕೇಳಿಸಿರಲಿಕ್ಕೂ ಇಲ್ಲ, ಕಿವಿ ಮಂದ.

"ಇಳಿಯೋಕಿಂತ ಮೊದಲ ಅವ ಏನ್ ಮಾಡ್ತಾನ?" ಮೇಡಂ ದನಿ ಬಹಳ ಸಣ್ಣದಾಗಿತ್ತು.

"ಹಗೇವು ತೆಗದ್ರ ಸೀದಾ ಇಳಿಯಂಗಿಲ್ರಿ, ಕೆಟ್ಟ ಗಾಳಿ ಇರತೈತಿ," ಎಂದ ವೀರಪ್ಪ. ಚಿಕ್ಕಂದಿನಿಂದ ಕಂಡ ಪದ್ಧತಿ, ನಾಲಿಗೆ ತಾನಾಗಿ ಹೇಳುತ್ತಿತ್ತು. "ಮೊದಲ ಕಂದೀಲು ಹಚ್ಚಿ ಹಗ್ಗ ಕಟ್ಟಿ ಒಳಗ ಬಿಡತಾರ್ರಿ. ದೀಪ ಆರಿದ್ರ ಗಾಳಿ ಕೆಟ್ಟೈತಿ ಅಂತ. ಆರಲಿಲ್ಲಾಂದ್ರ—"

ಅವನು ಮಾತು ಮುಗಿಸಲಿಲ್ಲ. ಅಷ್ಟರಲ್ಲಿ ಮೇಡಂ ಓಡುತ್ತಿದ್ದರು. ಆದರೆ ಅವರಿಗಿಂತ ಮುಂದೆ, ಹೆಂಗಸರ ಗುಂಪನ್ನು ಸೀಳಿಕೊಂಡು, ಕೈಯಲ್ಲಿ ಕೀಲಿ ಹಿಡಿದು ಯಶೋಧಾ ಓಡುತ್ತಿದ್ದಳು. ಮಾಳಪ್ಪಾ, ಮಾಳಪ್ಪಾ ಎಂದು ಅವಳು ಕೂಗುವುದು ಬಯಲಿಗೆಲ್ಲ ಕೇಳುತ್ತಿತ್ತು. ಕೇಳಬೇಕಾದವನಿಗೆ ಮಾತ್ರ ಕೇಳುತ್ತಿರಲಿಲ್ಲ. ನಿಲ್ಲವ್ವಾ, ನೀ ಹೋಗಬ್ಯಾಡ ಎಂದು ನಾನು ಅರಚಿದೆ. ಅವಳು ನಿಲ್ಲಲಿಲ್ಲ.

ಓಣಿಯ ಕೊನೆಯಲ್ಲಿ ಅವಳ ಖೋಲಿಯ ಕಿಟಕಿ ತೆರೆದಿತ್ತು. ಒಳಗಿನ ಕತ್ತಲಲ್ಲಿ ಒಂದು ಹಳದಿ ಬೆಳಕು ಹೊತ್ತಿತು, ಕಿಟಕಿಯ ನಡುವೆ ಗಳಿಗೆ ಹೊತ್ತು ತೂಗಾಡಿತು, ಆಮೇಲೆ ಮೆಲ್ಲಗೆ ಕೆಳಗೆ ಇಳಿಯತೊಡಗಿತು. ಯಶೋಧಾ ಆಗಲೇ ಬಾಗಿಲಲ್ಲಿ ನಿಂತು ಕೀಲಿ ತಿರುವುತ್ತಿದ್ದಳು.